ದೊಡ್ಡಬೆಟ್ಟ ಇಳಿಯಲು ಕಲಿತ ಬೇಸಿಗೆ

"ನಾಲ್ಕು ಜನ ಹೊರೋ ದಿನ ಹೇಗೂ ಬಂದೇ ಬರುತ್ತೆ. ಈಗ್ಲೇ ಯಾಕಪ್ಪ?"

ಶ್ರವಣಬೆಳಗೊಳದ ದೊಡ್ಡಬೆಟ್ಟದ ಬುಡದಲ್ಲಿ ಕುರ್ಚಿಯಲ್ಲಿ ಕೂರಿಸಿ ಹೊತ್ತೊಯ್ಯುವ ಡೋಲಿಯವರು ಮುಂದೆ ಬಂದಾಗ ಅತ್ತೆ ಹೇಳಿದ್ದು ಇಷ್ಟೇ. ಹೇಳಿ ಚಪ್ಪಲಿ ಬಿಟ್ಟರು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು, ಮೊದಲ ಮೆಟ್ಟಿಲಿಗೆ ಕೈ ಮುಟ್ಟಿಸಿ ಕಣ್ಣಿಗೆ ಒತ್ತಿಕೊಂಡರು. ನಾನು ಮತ್ತು ನಮ್ಮವರು ಮುಖ ಮುಖ ನೋಡಿಕೊಂಡೆವು. ಅವರಿಗೆ 65 ವರ್ಷ. ಮಂಡಿ ನೋವು ಶುರುವಾಗಿ ಹತ್ತು ವರ್ಷದ ಮೇಲಾಯಿತು. ನಾವು ಡೋಲಿ ಮಾಡಿಸುವ ಲೆಕ್ಕ ಹಾಕಿಕೊಂಡೇ ಕರೆದುಕೊಂಡು ಬಂದಿದ್ದೆವು.

ನಮ್ಮ ಮನೆ ಇರುವುದು ಹಾಸನದಲ್ಲಿ. ಚನ್ನರಾಯಪಟ್ಟಣದ ಮೇಲೆ ಬೆಳಗೊಳಕ್ಕೆ ಹೆಚ್ಚುಕಡಿಮೆ 50 ಕಿಲೋಮೀಟರ್. ಅಷ್ಟು ಹತ್ತಿರವಿದ್ದೂ ಅತ್ತೆ ಒಮ್ಮೆಯೂ ದೊಡ್ಡಬೆಟ್ಟ ಹತ್ತಿರಲಿಲ್ಲ. 1981ರಲ್ಲಿ, ಗೊಮ್ಮಟನಿಗೆ ಸಾವಿರ ವರ್ಷವಾದಾಗ ನಡೆದ ಮಹಾಮಸ್ತಕಾಭಿಷೇಕಕ್ಕೆ ಬಂದಿದ್ದರಂತೆ. ಇಂದಿರಾ ಗಾಂಧಿ ಹೆಲಿಕಾಪ್ಟರಿನಿಂದ ಹೂ ಚೆಲ್ಲಿದ್ದನ್ನು ಈಗಲೂ ಹೇಳುತ್ತಾರೆ. ಆದರೆ ಆಗ ನಮ್ಮವರು ಹೊಟ್ಟೆಯಲ್ಲಿದ್ದರು. ಬಸುರಿ ಬೆಟ್ಟ ಹತ್ತಬಾರದು ಅಂತ ಕೆಳಗೇ ಕೂರಿಸಿದರು. 2018ರಲ್ಲಿ ಮತ್ತೆ ಆಸೆಪಟ್ಟರು. ಮಂಡಿ ನೋವು, ಜನಜಂಗುಳಿ ಬೇಡ ಅಂತ ನಾವೇ ತಡೆದೆವು. ಮುಂದಿನದು 2030ಕ್ಕೆ. ಅದನ್ನು ನೆನೆದಾಗೆಲ್ಲ ನನಗೆ ಒಳಗೊಳಗೇ ಚುಚ್ಚುತ್ತಿತ್ತು.

ಈ ಬೇಸಿಗೆಯಲ್ಲಿ ಬೆಟ್ಟದ ಯೋಚನೆ ಬಂದಿದ್ದಕ್ಕೆ ಬೇರೆ ಕಾರಣವೂ ಇತ್ತು. ಫೆಬ್ರವರಿಯಲ್ಲಿ ನಮ್ಮವರ ರಕ್ತ ಪರೀಕ್ಷೆ ಮಾಡಿಸಿದಾಗ ಮೂರು ತಿಂಗಳ ಸರಾಸರಿ ಸಕ್ಕರೆ (HbA1c) 6.1 ಬಂತು. 5.7ರಿಂದ 6.4ರ ಒಳಗಿದ್ದರೆ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದ ಹಾಗೆ ಅಂದರು ಡಾಕ್ಟರು. ಮಾತ್ರೆ ಬರೆಯಲಿಲ್ಲ. ವಾರಕ್ಕೆ 150 ನಿಮಿಷವಾದರೂ ಮೈ ಬೆವರಲಿ ಅಂದರು. ಇಬ್ಬರೂ ಒಟ್ಟಿಗೇ ಮಾಡೋಣ ಅಂತ ಅವತ್ತೇ ತೀರ್ಮಾನಿಸಿದೆವು. ಜಿಮ್ಮಿಗೆ ಹೋಗಿ ಬರುವುದರಲ್ಲೇ ಅರ್ಧ ಹೊತ್ತು ಹೋಗುತ್ತೆ, ಅದಕ್ಕೆ ಮನೆಯಲ್ಲೇ. ಬೆಳಗ್ಗೆ 5:45ಕ್ಕೆ ತಾರಸಿ. ಮೊದಲು ಹನ್ನೆರಡು ಸೂರ್ಯ ನಮಸ್ಕಾರ, ಆಮೇಲೆ ಇಪ್ಪತ್ತರಂತೆ ಮೂರು ಸಲ ಬಸ್ಕಿ, ಸ್ವಲ್ಪ ಸ್ಕಿಪ್ಪಿಂಗ್. ಕೊನೆಯಲ್ಲಿ ಮೆಟ್ಟಿಲು. ನಮ್ಮ ಮನೆಯಲ್ಲಿ ಕೆಳಗಿನಿಂದ ತಾರಸಿಗೆ 36 ಮೆಟ್ಟಿಲು. ದೊಡ್ಡಬೆಟ್ಟಕ್ಕೆ 650ರ ಆಸುಪಾಸು ಅಂತಾರೆ. 18 ಸಲ ಹತ್ತಿದರೆ 648 ಆಯಿತಲ್ಲ! ಮಗಳು ಗೋಡೆಗೆ ಒಂದು ಹಾಳೆ ಅಂಟಿಸಿ ದಿನಾ ಗೆರೆ ಎಳೆಯುತ್ತಿದ್ದಳು. ಮಾರ್ಚ್ ಮುಗಿಯುವಷ್ಟರಲ್ಲಿ ನಮ್ಮವರು ಬೆನ್ನಿಗೆ ಐದು ಕೆಜಿ ರಾಗಿಹಿಟ್ಟಿನ ಚೀಲ ಹಾಕಿಕೊಂಡೇ 18 ಸಲ ಹತ್ತುತ್ತಿದ್ದರು. ಹತ್ತುವುದನ್ನು ಮನಸ್ಸಿಟ್ಟು ಮಾಡುತ್ತಿದ್ದೆವು. ಇಳಿಯುವಾಗ ದಡದಡ ಓಡಿ ಬಂದುಬಿಡುತ್ತಿದ್ದೆವು. ಇಳಿಯುವುದನ್ನೂ ಕಲಿಯಬೇಕು ಅಂತ ನಮ್ಮಿಬ್ಬರಿಗೂ ಹೊಳೆದಿರಲಿಲ್ಲ.

ಏಪ್ರಿಲ್‌ನ ಆ ಭಾನುವಾರ ಹೊರಟಾಗಲೇ ತಡವಾಗಿತ್ತು. ಚನ್ನರಾಯಪಟ್ಟಣದಲ್ಲಿ ತಿಂಡಿಗೆ ನಿಂತು ಇನ್ನೂ ತಡವಾಯಿತು. ಬೆಟ್ಟದ ಬುಡ ಮುಟ್ಟಿದಾಗ ಒಂಬತ್ತೂಮುಕ್ಕಾಲು. ಇದನ್ನು ಓದಿ ಹೋಗುವವರಿಗೆ ಕೈಮುಗಿದು ಹೇಳುತ್ತೇನೆ, ಬೇಸಿಗೆಯಲ್ಲಿ ಈ ತಪ್ಪು ಮಾಡಬೇಡಿ. ಬೆಳಗ್ಗೆ ಏಳರ ಒಳಗೆ ಬುಡದಲ್ಲಿರಿ. ಮೇಲಕ್ಕೆ ಚಪ್ಪಲಿ ಹಾಕಿಕೊಂಡು ಹೋಗುವಂತಿಲ್ಲ. ಇಡೀ ಬೆಟ್ಟವೇ ಒಂದು ಬಂಡೆ, ಮೆಟ್ಟಿಲನ್ನೂ ಅದರಲ್ಲೇ ಕೊರೆದಿದ್ದಾರೆ. ಹತ್ತು ಗಂಟೆ ದಾಟಿತೆಂದರೆ ಕಾವಲಿಯ ಹಾಗೆ ಕಾಯುತ್ತೆ. ಕೆಳಗೆ ಕಾಲುಚೀಲ ಮಾರುತ್ತಿದ್ದರು. ಸುಮ್ನೆ ಯಾಕೆ ದುಡ್ಡು ಅಂತ ನಾನು ಬೇಡ ಅಂದೆ. ಇಳಿಯುವಾಗ ಮಗಳ ಅಂಗಾಲು ಕೆಂಪಗಾಗಿ, ಅವಳು ಕಂಬಿ ಹಿಡಿದು ಒಂಟಿಕಾಲಲ್ಲಿ ನಿಂತು ಅತ್ತಳು. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತೆ. ಮನೆಯಿಂದಲೇ ದಪ್ಪ ಹತ್ತಿಯ ಕಾಲುಚೀಲ ತನ್ನಿ, ತಲೆಗೊಂದರಂತೆ ನೀರಿನ ಬಾಟಲಿಯೂ ಇರಲಿ.

ಹತ್ತುವುದೇನೋ ಚೆನ್ನಾಗಿಯೇ ಆಯಿತು. ಎರಡು ತಿಂಗಳ ಕಷ್ಟಕ್ಕೆ ಉಸಿರು ಪಳಗಿತ್ತು. ಬುಡದಿಂದ ಬೆಟ್ಟದ ಎತ್ತರ ಸುಮಾರು 470 ಅಡಿ. ನಾವಿಬ್ಬರು ಒಂದೇ ಸಲ ನಿಂತೆವು. ಅತ್ತೆ ಮಾತ್ರ ಮೂವತ್ತು ನಲವತ್ತು ಮೆಟ್ಟಿಲಿಗೊಮ್ಮೆ ನಿಂತು, ಕೆಳಗಿನ ಕಲ್ಯಾಣಿಯನ್ನೂ ಎದುರಿನ ಚಿಕ್ಕಬೆಟ್ಟವನ್ನೂ ನೋಡಿ, ಮತ್ತೆ ಹತ್ತುತ್ತಿದ್ದರು. ಎಲ್ಲೂ ಕೂರಲಿಲ್ಲ. ಹೊಯ್ಸಳರ ಗುಡಿ ನೋಡಿ ಬೆಳೆದ ನಮಗೆ ಕೆತ್ತನೆ ಅಂದರೆ ಬೇಲೂರೇ. ಆದರೂ ಮೇಲಿನ ಅಂಗಳಕ್ಕೆ ಕಾಲಿಟ್ಟು ತಲೆ ಎತ್ತಿದಾಗ ಮಾತೇ ಹೊರಡಲಿಲ್ಲ. ಹತ್ತನೇ ಶತಮಾನದಲ್ಲಿ ಗಂಗರ ಮಂತ್ರಿ ಚಾವುಂಡರಾಯ ನಿಲ್ಲಿಸಿದ ಮೂರ್ತಿ, 58 ಅಡಿ. ಎಲ್ಲರೂ ಮುಖ ನೋಡುತ್ತಿದ್ದರೆ ಅತ್ತೆ ಪಾದವನ್ನೇ ನೋಡುತ್ತಾ ನಿಂತರು. ಪಕ್ಕದಲ್ಲಿ ಹುತ್ತ, ಅದರಿಂದ ಹೊರಬರುವ ಹಾವು, ಕಾಲಿಗೂ ತೋಳಿಗೂ ಹಬ್ಬಿದ ಬಳ್ಳಿ. ಒಂದೊಂದು ಕಾಲ್ಬೆರಳಿನ ಉಗುರನ್ನೂ ಬಿಡಿಸಿದ್ದಾರೆ. "ನಿಂತೂ ನಿಂತೂ ಎಷ್ಟು ನೋವಾಗಿರಬೇಕು ಈ ಕಾಲಿಗೆ" ಅಂದರು ಮೆಲ್ಲಗೆ.

ಹೊರಗೆ ಗುಳ್ಳೆಕಾಯಜ್ಜಿಯ ಮೂರ್ತಿಯ ಮುಂದೆ ಮಕ್ಕಳನ್ನು ನಿಲ್ಲಿಸಿ ಕತೆ ಹೇಳಿದರು. ಚಾವುಂಡರಾಯ ಕೊಡಗಟ್ಟಲೆ ಹಾಲು ಸುರಿಸಿದರೂ ಅದು ಗೊಮ್ಮಟನ ತೊಡೆಯಿಂದ ಕೆಳಕ್ಕೆ ಇಳಿಯಲಿಲ್ಲವಂತೆ. ಆಗ ಒಬ್ಬ ಮುದುಕಿ ಗುಳ್ಳದ ಕಾಯಿಯಲ್ಲಿ ತಂದ ಅಷ್ಟೇ ಅಷ್ಟು ಹಾಲು ಎರೆದಳಂತೆ. ಅದು ಪಾದದವರೆಗೂ ಹರಿದು ಬೆಟ್ಟದ ಕೆಳಗೂ ಹೋಯಿತಂತೆ. ಮಗ ಕೇಳಿದ: "ಆ ಅಜ್ಜೀನ ಡೋಲೀಲಿ ಕರ್ಕೊಂಡು ಬಂದ್ರಾ?" "ಇಲ್ಲಪ್ಪ, ನಡ್ಕೊಂಡೇ ಬಂದ್ಲು" ಅಂದರು ಅತ್ತೆ.

ಇಳಿಯಲು ಶುರು ಮಾಡಿದ ಸ್ವಲ್ಪ ಹೊತ್ತಿಗೇ ನಮ್ಮವರ ತೊಡೆ ನಡುಗತೊಡಗಿತು. ನನಗೂ ಮಂಡಿಯ ಮೇಲ್ಗಡೆ ಹಿಡಿದಂತಾಯಿತು. ದಾರಿಯಲ್ಲಿ ಒಂದು ಕಡೆ ನೆರಳು ಸಿಕ್ಕಿತು, ಕೂತೆವು. ಅಲ್ಲಿ ಒಬ್ಬ ಡೋಲಿಯವರು ಖಾಲಿ ಬೆತ್ತದ ಕುರ್ಚಿ ಇಳಿಸಿಕೊಂಡು ದಣಿವಾರಿಸುತ್ತಿದ್ದರು. ಐವತ್ತರ ಮೇಲಿನ ವಯಸ್ಸು, ಹೆಗಲ ಮೇಲೆ ನಾಲ್ಕು ಮಡಿಕೆಯ ಟವೆಲ್ಲು. ಅವರ ಮೀನಖಂಡ ಹಗ್ಗ ಹೊಸೆದ ಹಾಗಿತ್ತು. ನಮ್ಮವರ ಕಾಲು ನೋಡಿ ಅವರೇ ಮಾತು ತೆಗೆದರು.

"ಇಳಿಯಾಕೆ ಕಷ್ಟ ಆಯ್ತದಾ ಸಾರ್?"

"ಹತ್ತೋವಾಗ ಏನೂ ಆಗ್ಲಿಲ್ಲ ಕಣ್ರೀ. ದಿನಾ ಮೆಟ್ಟಿಲು ಹತ್ತಿ ಅಭ್ಯಾಸ ಇದೆ" ಅಂದರು ಇವರು.

"ಹತ್ತಾಕೆ ಉಸ್ರು ಸಾಕು ಸಾರ್. ಇಳಿಯಾಕೆ ಕಾಲು ತಡೀಬೇಕು. ನೀವು ಕಾಲು ಎತ್ತಿ ಹಂಗೇ ಬೀಳಿಸ್ತಾ ಇದೀರಿ. ಭಾರ ಬಿಟ್ಟು ಕಾಲು ಇಡಬಾರ್ದು. ಕಾಲು ಇಟ್ಟು ಆಮೇಲೆ ಭಾರ ಬಿಡ್ಬೇಕು."

ಎದ್ದು ತೋರಿಸಿದರು. ಸ್ವಲ್ಪ ಓರೆಯಾಗಿ ನಿಂತರು. ಮೇಲಿನ ಕಾಲು ನಿಧಾನಕ್ಕೆ ಮಡಿಯಿತು. ಕೆಳಗಿನ ಪಾದ ಇಡಿಯಾಗಿ ಕಲ್ಲಿಗೆ ತಾಗಿತು. ಒಂದು ಕ್ಷಣ ಬಿಟ್ಟು ಮೈಯ ಭಾರ ಆ ಕಾಲಿಗೆ ಹೋಯಿತು. ಬೆಕ್ಕು ಗೋಡೆಯಿಂದ ಇಳಿದಷ್ಟೇ ಸದ್ದು. ಡೋಲಿಯಲ್ಲಿ ಹತ್ತುವಾಗ ಹಿಂದಿನ ಇಬ್ಬರಿಗೆ ಭಾರ ಜಾಸ್ತಿ, ಇಳಿಯುವಾಗ ಮುಂದಿನ ಇಬ್ಬರಿಗೆ ಜಾಸ್ತಿ ಅಂತಲೂ ಹೇಳಿದರು. ಕುರ್ಚಿ ಮಟ್ಟವಾಗಿರಬೇಕಾದರೆ ಎತ್ತರದವರು ಯಾವಾಗಲೂ ತಗ್ಗಿನ ಕಡೆ ಇರಬೇಕಂತೆ. "ಮೇಲೆ ಕುಂತಿರೋರು ದೇವ್ರ ಮುಖ ನೋಡಾಕೆ ಬಂದಿರ್ತಾರೆ. ಅವ್ರಿಗೆ ಭಯ ಆಗಬಾರ್ದಲ್ವಾ" ಅಂದರು.

ಅಷ್ಟು ಹೊತ್ತು ಸುಮ್ಮನಿದ್ದ ಅತ್ತೆ ಆಗ ಬಾಯಿಬಿಟ್ಟರು. "ನಾವೂ ಹಿಂಗೇ ಇಳೀತಿದ್ವಿ ಕಣಪ್ಪ. ತಲೆ ಮೇಲೊಂದು ಕೊಡ, ಸೊಂಟದಲ್ಲೊಂದು. ಕೆರೆ ಏರಿ ಇಳೀವಾಗ ಕಾಲು ಜಾರಿದ್ರೆ ಕೊಡಾನೂ ಹೋಯ್ತು, ಮರ್ಯಾದೇನೂ ಹೋಯ್ತು."

"ದಿನಕ್ಕೆ ಎಷ್ಟು ಸತಿ ಅವ್ವಾರೆ?"

"ಬೆಳಗ್ಗೆ ಆರು, ಸಂಜೆ ನಾಲ್ಕು. ಮದುವೆ ಆಗೋವರ್ಗೂ."

ಅವರಿಬ್ಬರೂ ಮಾತಿಗೆ ಕೂತರು. ಯಾವ ಕಾಲು ಮೊದಲು, ತಿರುವಿನಲ್ಲಿ ಸೊಂಟ ಹೇಗೆ, ಮಳೆಗಾಲದಲ್ಲಿ ಹೆಬ್ಬೆರಳು ಹೇಗೆ ಊರಬೇಕು. ಭಾರ ಹೊತ್ತವರಿಬ್ಬರ ಮಾತು ಅದು. ಹದಿನಾರು ವರ್ಷದಿಂದ ಒಂದೇ ಮನೆಯಲ್ಲಿದ್ದೇನೆ. ಅತ್ತೆ ದಿನಕ್ಕೆ ಹತ್ತು ಸಲ ಕೆರೆಯಿಂದ ನೀರು ಹೊತ್ತವರು ಅಂತ ನನಗೆ ಗೊತ್ತೇ ಇರಲಿಲ್ಲ. ನಾನು ಕೇಳಿಯೂ ಇರಲಿಲ್ಲ. ನಾನು ಕಂಡಿದ್ದು ಅವರ ಮಂಡಿಯ ಎಣ್ಣೆ ಬಾಟಲಿಯನ್ನು ಮಾತ್ರ.

ಹೊರಡುವಾಗ ಅತ್ತೆ ಒಂದು ಕೈಯನ್ನು ನನ್ನ ಹೆಗಲ ಮೇಲಿಟ್ಟರು. ಓರೆಯಾಗಿ, ಒಂದೊಂದೇ ಮೆಟ್ಟಿಲು. ಬೆನ್ನು ಬಾಗಿರಲಿಲ್ಲ. ಹೆಗಲ ಮೇಲೆ ಕೈ ಇದೆಯೋ ಇಲ್ಲವೋ ಅನ್ನುವಷ್ಟು ಹಗುರ. ಬುಡಕ್ಕೆ ಅವರೇ ಮೊದಲು ಮುಟ್ಟಿದರು. ಕಾರಿನ ಪಕ್ಕ ಮರದ ಕೆಳಗೆ ಕೂತು ಮೊಸರನ್ನ ತಿಂದೆವು. ಅತ್ತೆ ಮಾತಾಡದೆ ಬೆಟ್ಟದ ಕಡೆಗೇ ನೋಡುತ್ತಾ ತಿಂದರು.

ಮಂಗಳವಾರ ನಮ್ಮಿಬ್ಬರ ತೊಡೆ ಕಲ್ಲಾಗಿತ್ತು. ನಮ್ಮವರು ಕಂಬಿ ಹಿಡಿಯದೆ ಮೆಟ್ಟಿಲು ಇಳಿಯಲಾಗಲಿಲ್ಲ. ಪರಿಚಯದ ಫಿಸಿಯೋಥೆರಪಿಸ್ಟ್ ಒಬ್ಬರನ್ನು ಕೇಳಿದೆ. ಹತ್ತುವಾಗ ತೊಡೆಯ ಮುಂದಿನ ಸ್ನಾಯು ಕುಗ್ಗುತ್ತಾ ಕೆಲಸ ಮಾಡುತ್ತೆ. ಇಳಿಯುವಾಗ ಅದೇ ಸ್ನಾಯು ಭಾರ ತಡೆದುಕೊಂಡು ಹಿಗ್ಗಬೇಕು, ಬ್ರೇಕ್ ಇದ್ದ ಹಾಗೆ. ಅಭ್ಯಾಸವಿಲ್ಲದ ಸ್ನಾಯುವಿಗೆ ಅದರಿಂದ ಸಣ್ಣ ಸಣ್ಣ ಪೆಟ್ಟು ಬೀಳುತ್ತೆ. ನೋವು ಕಾಣಿಸುವುದು ಒಂದೆರಡು ದಿನ ಬಿಟ್ಟು. ಸ್ವಲ್ಪ ಸ್ವಲ್ಪವೇ ರೂಢಿ ಮಾಡಿದರೆ ಮುಂದಿನ ಸಲ ಇಷ್ಟು ನೋಯಲ್ಲ ಅಂದರು. ಓಡಿ ಇಳಿಯುತ್ತಿದ್ದ ನಮ್ಮ ಕಾಲಿಗೆ ಆ ಬ್ರೇಕ್ ಹಾಕುವ ಕೆಲಸವನ್ನು ನಾವು ಕಲಿಸಿಯೇ ಇರಲಿಲ್ಲ.

ನೋವು ಹೋದ ಮೇಲೆ ತಾರಸಿಯ ಪಾಠ ಬದಲಾಯಿತು. ಪಾಠ ಹೇಳುವವರು ಅತ್ತೆ. ಹತ್ತುವುದು ಎಂದಿನಂತೆ. ಇಳಿಯುವಾಗ ಒಂದು ಮೆಟ್ಟಿಲಿಗೆ ಮೂರು ಎಣಿಕೆ, ಮಂಡಿ ಕಾಲ್ಬೆರಳಿನ ನೇರಕ್ಕೇ ಇರಬೇಕು. ಮೊದಲ ವಾರ ಐದೇ ಸಲ. ರಾಗಿಹಿಟ್ಟಿನ ಚೀಲ ಅಡುಗೆಮನೆಗೆ ವಾಪಸ್ಸಾಯಿತು. ಅತ್ತೆ ಕುರ್ಚಿಯಿಂದ ಕೈ ಊರದೆ ಹತ್ತು ಸಲ ಏಳುವುದು, ನಿಧಾನಕ್ಕೆ ಕೂರುವುದು ಮಾಡುತ್ತಾ ನಮಗೆ ಎಣಿಕೆ ಹೇಳುತ್ತಿದ್ದರು.

ಮೇ ತಿಂಗಳಲ್ಲಿ ಸಕಲೇಶಪುರದ ಮಂಜರಾಬಾದ್ ಕೋಟೆಗೆ ಹೋದೆವು. 1792ರಲ್ಲಿ ಟಿಪ್ಪು ಕಟ್ಟಿಸಿದ ಎಂಟು ಮೂಲೆಯ ನಕ್ಷತ್ರ. ಫೋಟೋದಲ್ಲಿ ಆಕಾಶದಿಂದ ನೋಡಿದಷ್ಟು ಚೆಂದ ಒಳಗೆ ನಿಂತಾಗ ನನಗೆ ಕಾಣಲಿಲ್ಲ. ಹೇಮಾವತಿ ಹಿನ್ನೀರಿನ ಶೆಟ್ಟಿಹಳ್ಳಿ ಚರ್ಚು ಮಕ್ಕಳಿಗೆ ಜಾಸ್ತಿ ಹಿಡಿಸಿತು. ಬೇಸಿಗೆಯಲ್ಲಿ ನೀರು ಇಳಿದಿರುತ್ತೆ, ಕಾಲಲ್ಲೇ ನಡೆದು ಒಳಗೆ ಹೋಗಬಹುದು.

ಮಳೆಗಾಲ ಹಿಡಿಯುವ ಮುಂಚಿನ ಕೊನೇ ಭಾನುವಾರ ಮುಳ್ಳಯ್ಯನಗಿರಿಗೆ ಹೋದೆವು. 1,930 ಮೀಟರ್, ಕರ್ನಾಟಕದಲ್ಲಿ ಅದಕ್ಕಿಂತ ಎತ್ತರದ ಶಿಖರವಿಲ್ಲ. ಆದರೆ ಭಾನುವಾರ ಆ ಕಿರಿದಾದ ದಾರಿಯಲ್ಲಿ ಕಾರಿನ ಸಾಲು ನೋಡಿದರೆ ಬೇಜಾರಾಗುತ್ತೆ. ರಜೆ ಸಿಕ್ಕಿದರೆ ವಾರದ ನಡುವೆ ಹೋಗಿ. ಕಾರು ಬಿಟ್ಟ ಮೇಲೆ ಮೆಟ್ಟಿಲು. ಮಂಜು ಎಷ್ಟಿತ್ತೆಂದರೆ ಹತ್ತು ಹೆಜ್ಜೆ ಮುಂದಿದ್ದ ಮಗ ಕಾಣುತ್ತಿರಲಿಲ್ಲ, ದನಿ ಮಾತ್ರ ಕೇಳುತ್ತಿತ್ತು. ಗಾಳಿಗೆ ಅತ್ತೆಯ ಸೆರಗು ಪಟಪಟ ಹೊಡೆದುಕೊಳ್ಳುತ್ತಿತ್ತು. ಶಿಖರದ ಮೇಲಿನ ಗದ್ದುಗೆಗೆ ಕೈಮುಗಿದು ಬೇಗ ಹೊರಟೆವು. ಮೆಟ್ಟಿಲು ಒದ್ದೆಯಾಗಿತ್ತು. ನಮ್ಮವರು ಮುಂದೆ ಓರೆಯಾಗಿ ಇಳಿದರು, ಹಿಂದೆ ಅತ್ತೆ, ಅವರ ಹಿಂದೆ ನಾನು. ಪಕ್ಕದಲ್ಲಿ ಹುಡುಗರ ಗುಂಪೊಂದು ದಡದಡ ಓಡಿ ಇಳಿಯಿತು. "ನಿಧಾನ ಕಣ್ರಪ್ಪಾ, ಕಾಲಿಟ್ಟು ಆಮೇಲೆ ಭಾರ ಬಿಡಿ" ಅಂತ ಅತ್ತೆ ಮಂಜಿನೊಳಗೆ ಕೂಗಿದರು.

ಮಂಗಳವಾರ ಬೆಳಗ್ಗೆ ಎದ್ದವಳೇ ತೊಡೆ ಒತ್ತಿ ನೋಡಿಕೊಂಡೆ. ನೋವಿರಲಿಲ್ಲ. ಪಕ್ಕದಲ್ಲಿ ನಮ್ಮವರ ಹಾಸಿಗೆ ಆಗಲೇ ಖಾಲಿ. ಮೇಲಿನ ಮೆಟ್ಟಿಲಿನಿಂದ ಅತ್ತೆಯ ದನಿ ಕೇಳಿಸುತ್ತಿತ್ತು: ಒಂದು, ಎರಡು, ಮೂರು.