ಕಣದ ಕಾಫಿಗೆ ಲಂಡನ್ನಿನ ದರ

ಸಕಲೇಶಪುರದ ಕಡೆ ನಮಗಿರುವುದು ಆರು ಎಕರೆ ರೋಬಸ್ಟಾ ಕಾಫಿ ತೋಟ. ಕುಯ್ಲಿನ ದಿನಗಳಲ್ಲಿ ಅಪ್ಪ ಎದ್ದೊಡನೆ ಕಣಕ್ಕೆ ಹೋಗಿ, ಇಬ್ಬನಿಯಿಂದ ತೊಯ್ದ ಟಾರ್ಪಾಲು ಸರಿಸಿ, ಹಣ್ಣಿನ ರಾಶಿಗೆ ಕೈ ಹಾಕಿ ನೋಡುವುದು ರೂಢಿಯಾಗಿತ್ತು. ಈಗ ಅದಕ್ಕೂ ಮೊದಲು ಅವರು ಮೊಬೈಲ್ ತೆರೆದು, ಜಗತ್ತಿನ ರೋಬಸ್ಟಾ ದರಕ್ಕೆ ಅಳತೆಗೋಲಾದ ಲಂಡನ್ ಪೇಟೆ ರಾತ್ರಿ ಮುಚ್ಚುವಾಗ ಎಷ್ಟಕ್ಕೆ ನಿಂತಿತು ಎಂದು ನೋಡುತ್ತಾರೆ.

ಅಜ್ಜನ ಕಾಲದಲ್ಲಿ ಈ ಚಿಂತೆ ಇರಲಿಲ್ಲ. ಬೆಳೆದ ಕಾಫಿಯನ್ನು, ಎಲ್ಲ ಬೆಳೆಗಾರರ ಫಸಲನ್ನೂ ಒಟ್ಟುಗೂಡಿಸಿ ಮಾರುತ್ತಿದ್ದ ಕಾಫಿ ಮಂಡಳಿಯ ಪೂಲ್‌ಗೆ ಒಪ್ಪಿಸಿದರೆ ಹರಾಜಿನ ಹೊಣೆ ಮಂಡಳಿಯದು. ಹಣ ಕಂತುಕಂತಾಗಿ, ಎಷ್ಟೋ ತಡವಾಗಿ ಬರುತ್ತಿತ್ತು. ಹೊರದೇಶಗಳಲ್ಲಿಯೂ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ರಫ್ತು ಕೋಟಾಗಳು ಬೆಲೆ ತೀರಾ ಕುಸಿಯದಂತೆ ಹಿಡಿದಿದ್ದವು. 1989ರ ಜುಲೈನಲ್ಲಿ ಆ ಕೋಟಾಗಳು ರದ್ದಾದವು, 1991ರಲ್ಲಿ ನಮ್ಮ ಕಾಫಿಯನ್ನು ರೂಪಾಯಿ ಲೆಕ್ಕದಲ್ಲಿ ಕೊಳ್ಳುತ್ತಿದ್ದ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು, 1996ರ ಹೊತ್ತಿಗೆ ಪೂಲ್ ಪದ್ಧತಿಯೂ ಪೂರ್ತಿಯಾಗಿ ಮುಗಿಯಿತು. ಪೂಲ್‌ನ ತಡವನ್ನು ಬೈಯುತ್ತಿದ್ದವರಲ್ಲಿ ಅಜ್ಜನೂ ಒಬ್ಬರು. ಆದರೆ ಯಾವ ದಿನ ಮಾರಬೇಕು ಎಂಬ ಪ್ರಶ್ನೆ ಅವರ ನಿದ್ದೆ ಕೆಡಿಸಿರಲಿಲ್ಲ.

ಮುಕ್ತ ಪೇಟೆ ಮೊದಲಿಗೆ ಸಿಹಿಯಾಗಿಯೇ ಬಂತು. 1994ರಲ್ಲಿ ಬ್ರೆಜಿಲ್‌ನ ತೋಟಗಳು ಹಿಮಕ್ಕೆ ಸುಟ್ಟಾಗ ಇಲ್ಲಿ ದರ ಏರಿ, ಹಲವರ ಮನೆಗೆ ಜೀಪು ಬಂತು. ಅದೇ ದಶಕದಲ್ಲಿ ವಿಯೆಟ್ನಾಂ ಸದ್ದಿಲ್ಲದೆ ರೋಬಸ್ಟಾ ನೆಡುತ್ತಿತ್ತು. ಆ ಫಸಲೂ ಪೇಟೆಗೆ ಸುರಿದು 2001ರಲ್ಲಿ ಬೆಲೆ ನೆಲಕಚ್ಚಿದಾಗ ಕುಯ್ಲಿನ ಕೂಲಿಯೂ ಹುಟ್ಟದೆ, ಮೆಣಸು ಮಾರಿದ ದುಡ್ಡಿನಿಂದ ಬಟವಾಡೆ ಮಾಡಿದ್ದನ್ನು ಅಪ್ಪ ಇವತ್ತಿಗೂ ಹೇಳುತ್ತಾರೆ.

ಬೆಲೆ ಮತ್ತೆ ಎದ್ದದ್ದೂ ಬಹುಪಾಲು ವಿಯೆಟ್ನಾಂನ ಕಾರಣದಿಂದಲೇ. ಅಲ್ಲಿ ಬರ ಬಿತ್ತು, ಅಲ್ಲಿನ ರೈತರು ಕಾಫಿ ಕಿತ್ತು ಡೂರಿಯನ್ ಹಣ್ಣಿಗೆ ಇಳಿದಿದ್ದರು, ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ನಡೆದು ಯುರೋಪಿಗೆ ಹೊರಟ ಸರಕು ಆಫ್ರಿಕಾ ಸುತ್ತಿ ಹೋಗಬೇಕಾಯಿತು. 2024ರ ಸೆಪ್ಟೆಂಬರ್‌ನಲ್ಲಿ ಲಂಡನ್ ದರ ಟನ್ನಿಗೆ 5,000 ಡಾಲರ್ ದಾಟಿತು. ಆ ವರ್ಷ ಕಣದಿಂದಲೇ ಮಾರಿದ ನೆರೆಯವರು, ಗೋದಾಮಿನಲ್ಲಿ ಚೀಲ ಉಳಿಸಿಕೊಂಡವರ ಮುಖ ನೋಡಲಾರದೆ ಸಂತೆಗೆ ಬರುವುದನ್ನೇ ಬಿಟ್ಟಿದ್ದರು. ಇಬ್ಬರ ತೋಟದಲ್ಲೂ ಬೆಳೆ ಒಂದೇ, ದುಡಿಮೆಯೂ ಒಂದೇ.

ಕೆಲಸದವರ ಲೆಕ್ಕ ಬೇರೆ. ಈಗ ನಮ್ಮಲ್ಲಿ ಹಣ್ಣು ಕೊಯ್ಯುವವರು ಬಹುಪಾಲು ಅಸ್ಸಾಮಿನಿಂದ ಬಂದವರು. ಸಂಜೆ ತಕ್ಕಡಿಯ ಮುಂದೆ ಸಾಲು ನಿಂತು ಕಿಲೋ ಲೆಕ್ಕದಲ್ಲಿ ಕೂಲಿ ಪಡೆಯುತ್ತಾರೆ. ಕಾಫಿ ದರ ಎರಡು ಪಟ್ಟಾದ ವರ್ಷ ಅವರ ಕಿಲೋ ದರ ಏರಿದ್ದು ಬಿಡಿಕಾಸು. ಹೀಗೆ ಬರೆದರೆ ಬೆಳೆಗಾರ ಮಿತ್ರರು ಸಿಟ್ಟಾಗುತ್ತಾರೆ, ಗೊಬ್ಬರದ ಬೆಲೆ ಕೇಳು ಎನ್ನುತ್ತಾರೆ. ಆ ಮಾತು ಸುಳ್ಳಲ್ಲ; ಆದರೂ ತಕ್ಕಡಿಯ ಲೆಕ್ಕ ಬರೆದುಕೊಳ್ಳುವವನು ನಾನೇ ಆದ್ದರಿಂದ ಮರೆಮಾಚಲಾರೆ.

2025ರ ಆಗಸ್ಟ್‌ನಲ್ಲಿ ಅಮೆರಿಕ ಬ್ರೆಜಿಲ್ ಸರಕಿನ ಮೇಲೆ ಶೇಕಡಾ 50ರ ಸುಂಕ ಹೇರಿ, ನವೆಂಬರ್‌ನಲ್ಲಿ ಕಾಫಿಯನ್ನು ಅದರಿಂದ ಬಿಟ್ಟಿತು. ನಮ್ಮ ಕಾಫಿ ಹೆಚ್ಚಾಗಿ ಹೋಗುವುದು ಇಟಲಿ, ಜರ್ಮನಿ, ರಷ್ಯಾಗಳಿಗಾದ್ದರಿಂದ ನನಗೆ ಹೆಚ್ಚು ಕಾಡುವುದು ಯುರೋಪಿನ ಹೊಸ ಕಾನೂನು. 2020ರ ನಂತರ ಕಾಡು ಕಡಿದ ನೆಲದ ಕಾಫಿ ತಮಗೆ ಬೇಡ ಎನ್ನುವ ಆ ಕಾನೂನು ಮುಂದಕ್ಕೆ ಹೋಗುತ್ತಲೇ ಇದೆ. ಬಂದಾಗ ಪ್ರತಿ ತೋಟದ ಜಾಗವನ್ನೂ ನಕ್ಷೆಯಲ್ಲಿ ಗುರುತಿಸಿ ತೋರಿಸಬೇಕು. ನಮ್ಮ ತೋಟದ ಬೆಳ್ಳಿಓಕ್ ಮರಗಳಿಗೆ ನನಗಿಂತ ಹೆಚ್ಚು ವಯಸ್ಸು. ಆದರೆ ಪಹಣಿ ಇನ್ನೂ ತೀರಿಕೊಂಡ ಅಜ್ಜನ ಹೆಸರಿನಲ್ಲೇ ಇದೆ, ಚಿಕ್ಕಪ್ಪಂದಿರ ಜತೆ ಪಾಲು ಆಗಿಲ್ಲ. ಹೋದ ವಾರ ಮೊಬೈಲ್ ಹಿಡಿದು ಬೇಲಿ ಸುತ್ತಿದ ನಾನು, ಹಳ್ಳದ ಅಂಚಿಗೆ ಬಂದಾಗ ಗಡಿ ಯಾವುದೆಂದು ತಿಳಿಯದೆ ಅಪ್ಪನನ್ನು ಕೂಗಬೇಕಾಯಿತು. ಅವರು ಒಂದು ಹಲಸಿನ ಮರ ತೋರಿಸಿ, ಅಲ್ಲಿಂದ ಆಚೆ ಚಿಕ್ಕಪ್ಪನದು ಎಂದರು.