ಶಾಫ್ಟ್‌ನ ಸೊನ್ನೆ ಹಿಡಿಯುವ ದಿನ

ಪಣಂಬೂರಿನ ಹೊರಗೆ ಲಂಗರು ಹಾಕಿದ್ದ ಬಲ್ಕ್ ಕ್ಯಾರಿಯರ್‌ನ ಎಂಜಿನ್ ರೂಮಿನಲ್ಲಿ ಅವತ್ತು ಬೆಳಗಿನ ಹೊತ್ತೆಲ್ಲ ಹೋದದ್ದು ಒಂದೇ ಕೆಲಸಕ್ಕೆ: ಪ್ರೊಪೆಲರ್ ಶಾಫ್ಟ್ ಮೇಲೆ ಸ್ಟ್ರೇನ್ ಗೇಜ್ (ಶಾಫ್ಟ್ ಎಷ್ಟು ತಿರುಚಿಕೊಂಡಿದೆ ಎಂದು ಅಳೆಯುವ ಪಟ್ಟಿ) ಅಂಟಿಸಿ, ಅದರ ಸೊನ್ನೆ, ಅಂದರೆ ಹೊರೆಯಿಲ್ಲದಾಗಿನ ಅಳತೆ, ಹಿಡಿಯುವುದು. ಹಡಗು ಮೊದಲಿಗಿಂತ ಹೆಚ್ಚು ಎಣ್ಣೆ ಕುಡಿಯುತ್ತಿತ್ತು. ಅದೇ ಕಿಲೋವ್ಯಾಟ್‌ಗೆ ವೇಗ ಇಳಿದಿದ್ದರೆ ತಳಕ್ಕೆ ಪಾಚಿ, ಚಿಪ್ಪು ಮೆತ್ತಿದೆ. ಅದೇ ಕಿಲೋವ್ಯಾಟ್‌ಗೆ ಎಣ್ಣೆ ಏರಿದ್ದರೆ ದೋಷ ಎಂಜಿನ್ನಿನಲ್ಲಿದೆ. ಎರಡನ್ನೂ ಬೇರ್ಪಡಿಸಲು ಶಾಫ್ಟ್ ಪವರ್, ಅಂದರೆ ಎಂಜಿನ್ ಶಾಫ್ಟ್ ಮೂಲಕ ಪ್ರೊಪೆಲರ್‌ಗೆ ಕೊಡುವ ಶಕ್ತಿ, ಬೇಕೇ ಬೇಕು.

ಬಣ್ಣ ಕೆರೆದು, ಎಮೆರಿ ಕಾಗದದಿಂದ ಉಜ್ಜಿ, ಅಸಿಟೋನ್‌ನಲ್ಲಿ ಒರೆಸಿ, ಶಾಫ್ಟ್‌ನ ಅಕ್ಷಕ್ಕೆ 45 ಡಿಗ್ರಿ ಕೋನದಲ್ಲಿ ಗೇಜ್ ಕೂರಿಸಬೇಕು. ನಾಲ್ಕು ಗೇಜ್‌ಗಳ ಫುಲ್ ಬ್ರಿಡ್ಜ್ ಜೋಡಣೆ ಆದರೆ ಉಷ್ಣತೆಯ ಮತ್ತು ಬಾಗುವಿಕೆಯ ಪರಿಣಾಮ ತಾನಾಗಿ ಕಳೆದುಹೋಗುತ್ತದೆ. ವ್ಯಾಸವನ್ನು ಬಣ್ಣದ ಮೇಲೆ ಅಳೆಯಬಾರದು. ಟಾರ್ಕ್ (ತಿರುಗಿಸುವ ಬಲ) ಲೆಕ್ಕದಲ್ಲಿ ವ್ಯಾಸದ ಘನ ಬರುವುದರಿಂದ 500 ಮಿ.ಮೀ. ಶಾಫ್ಟ್‌ನಲ್ಲಿ 1 ಮಿ.ಮೀ. ತಪ್ಪಿದರೆ ಟಾರ್ಕ್ 0.6% ತಪ್ಪುತ್ತದೆ.

ಇದಕ್ಕಿಂತ ಅಪಾಯದ್ದು ಸೊನ್ನೆ. ಆ 500 ಮಿ.ಮೀ. ಶಾಫ್ಟ್ 100 ಆರ್‌ಪಿಎಂನಲ್ಲಿ 8,000 ಕಿಲೋವ್ಯಾಟ್ ಸಾಗಿಸುವಾಗ ಗೇಜ್ ಕಾಣುವುದು ಸುಮಾರು 190 ಮೈಕ್ರೋಸ್ಟ್ರೇನ್, ಅಂದರೆ ಉದ್ದದ ಹತ್ತು ಲಕ್ಷದಲ್ಲಿ 190 ಪಾಲಿನ ಬದಲಾವಣೆ ಅಷ್ಟೇ (ಉಕ್ಕಿನ ಶಿಯರ್ ಮಾಡ್ಯುಲಸ್, ಅಂದರೆ ತಿರುಚನ್ನು ತಡೆಯುವ ಬಿಗಿತ, 82,400 ನ್ಯೂಟನ್/ಚ.ಮಿ.ಮೀ. ಎಂದಿಟ್ಟುಕೊಂಡರೆ). ಸೊನ್ನೆ 4 ಮೈಕ್ರೋಸ್ಟ್ರೇನ್ ಜಾರಿದರೆ ಪವರ್‌ನಲ್ಲಿ 2% ತಪ್ಪು; ಅರ್ಧ ಲೋಡಿನಲ್ಲಿ ಅದೇ ತಪ್ಪಿನ ಪಾಲು ಇನ್ನೂ ದೊಡ್ಡದು. ಎಂಜಿನ್ ನಿಲ್ಲಿಸಿದ ಕೂಡಲೇ ಸೊನ್ನೆ ಒತ್ತಿದರೆ ಸಾಲದು. ಬೇರಿಂಗ್‌ಗಳ ಘರ್ಷಣೆ ಶಾಫ್ಟ್‌ನಲ್ಲಿ ಕೊಂಚ ತಿರುಚು ಹಿಡಿದಿಟ್ಟಿರುತ್ತದೆ. ಎಂಜಿನ್ ನಿಂತಾಗ ಶಾಫ್ಟನ್ನು ನಿಧಾನವಾಗಿ ತಿರುಗಿಸುವ ಟರ್ನಿಂಗ್ ಗೇರ್ ಹಾಕಿ ಮುಂದಕ್ಕೆ ಕೆಲವು ಸುತ್ತು, ಹಿಂದಕ್ಕೆ ಅಷ್ಟೇ ಸುತ್ತು ತಿರುಗಿಸಿ, ಎರಡರ ಸರಾಸರಿಯನ್ನು ಸೊನ್ನೆ ಎಂದು ಹಿಡಿಯಬೇಕು. ಬಂದರು ಬಿಡುವ ಅವಸರದಲ್ಲಿ ಮೊದಲು ಕೈಬಿಡುವುದು ಇದನ್ನೇ, ಆಮೇಲೆ ತಿಂಗಳುಗಟ್ಟಲೆ ಗ್ರಾಫ್ ನೋಡಿ ತಲೆ ಕೆಡಿಸಿಕೊಳ್ಳುವುದೂ ಇದರಿಂದಲೇ.

ಮಧ್ಯಾಹ್ನ ಲಂಗರು ಎತ್ತಿದ ಮೇಲೂ ಕೂಡಲೇ ಅಳತೆ ಶುರುವಾಗಲಿಲ್ಲ. ಆಳ ಕಡಿಮೆಯಿದ್ದರೆ ನೀರಿನ ಪ್ರತಿರೋಧ ಏರುತ್ತದೆ. ಹಡಗಿನ ತಳ ಮತ್ತು ಪ್ರೊಪೆಲರ್ ಸಾಮರ್ಥ್ಯ ಅಳೆಯುವ ಮಾನದಂಡ ಐಎಸ್‌ಒ 19030ರ ಪ್ರಕಾರ 32 ಮೀಟರ್ ಅಗಲ, 12 ಮೀಟರ್ ಡ್ರಾಫ್ಟ್‌ನ (ನೀರಿನಲ್ಲಿ ಮುಳುಗಿದ ಆಳ) ಹಡಗಿಗೆ ಸುಮಾರು 59 ಮೀಟರ್ ಆಳ ಬೇಕು. ಗಾಳಿ ಸೆಕೆಂಡಿಗೆ 7.9 ಮೀಟರ್ ಮೀರಬಾರದು. ಅಷ್ಟು ಆಳಕ್ಕೆ ಹೋಗಿ, ಆರ್‌ಪಿಎಂ ಕದಲಿಸದೆ, ಒಂದೇ ಗೆರೆಯಲ್ಲಿ ಹೋಗಿ ಬರುವ ಓಟಗಳು. ಹೋಗುವಾಗ ಜಿಪಿಎಸ್ 12.9 ನಾಟ್, ಬರುವಾಗ 11.5. ಪ್ರವಾಹವನ್ನು ಕಳೆದರೆ 12.2. ಉಬ್ಬರವಿಳಿತದೊಂದಿಗೆ ಪ್ರವಾಹವೂ ಬದಲಾಗುವುದರಿಂದ ಇನ್ನೊಂದು ಜೋಡಿ ಓಟ ಬೇಕಾಯಿತು. ಪವರ್ ಸುಮಾರಾಗಿ ವೇಗದ ಘನದಂತೆ ಏರುತ್ತದೆ: 12 ನಾಟ್ 13 ಆದರೆ 27% ಹೆಚ್ಚು. ವೇಗದ ಸಣ್ಣ ತಪ್ಪನ್ನು ಪವರ್ ಮೂರು ಪಟ್ಟು ಮಾಡಿ ತೋರಿಸುತ್ತದೆ.

ಎಣ್ಣೆಯ ಮೀಟರ್ ಲೀಟರ್ ತೋರಿಸುತ್ತದೆ, ಲೆಕ್ಕ ಬೇಕಾದದ್ದು ಟನ್‌ನಲ್ಲಿ. 15 ಡಿಗ್ರಿಯಲ್ಲಿ 0.991 ಸಾಂದ್ರತೆಯ ಭಾರಿ ಎಣ್ಣೆ 135 ಡಿಗ್ರಿಗೆ ಕಾದಾಗ ಸುಮಾರು 0.91ಕ್ಕೆ ಇಳಿದಿರುತ್ತದೆ. ಎಣ್ಣೆ ತುಂಬಿಸಿದಾಗ ಕೊಡುವ ಬಂಕರ್ ಚೀಟಿಯ 15 ಡಿಗ್ರಿ ಸಾಂದ್ರತೆಯನ್ನೇ ಗುಣಿಸಿದರೆ ಸುಮಾರು 9% ಎಣ್ಣೆ ಸುಮ್ಮನೆ ಹುಟ್ಟಿಕೊಳ್ಳುತ್ತದೆ. ಮೀಟರ್‌ ಪಕ್ಕದ ಉಷ್ಣತೆಯನ್ನೂ ಬರೆದುಕೊಳ್ಳಲೇಬೇಕು.

ಸಿಐಐ (ಹಡಗಿನ ಇಂಗಾಲ ತೀವ್ರತೆಯ ವಾರ್ಷಿಕ ಸೂಚಕ) ಲೆಕ್ಕಕ್ಕೆ ಇದೇ ಟನ್ ಹೋಗುತ್ತದೆ. 2023ರಿಂದ 5,000 ಜಿಟಿ (ಗ್ರಾಸ್ ಟನ್ನೇಜ್, ಹಡಗಿನ ಒಟ್ಟು ಒಳಗಾತ್ರದ ಅಳತೆ) ಮತ್ತು ಅದಕ್ಕಿಂತ ದೊಡ್ಡ ಸರಕು ಹಡಗುಗಳಿಗೆ ಎ ಇಂದ ಇ ವರೆಗೆ ದರ್ಜೆ. ಒಂದು ಟನ್ ಭಾರಿ ಎಣ್ಣೆಗೆ 3.114 ಟನ್ ಇಂಗಾಲದ ಡೈಆಕ್ಸೈಡ್. ಅದನ್ನು ಹಡಗಿನ ಡೆಡ್‌ವೇಟ್ (ಹೊರಬಲ್ಲ ಒಟ್ಟು ತೂಕ) ಮತ್ತು ಕ್ರಮಿಸಿದ ದೂರದಿಂದ ಭಾಗಿಸುತ್ತಾರೆ. ಮೂರು ವರ್ಷ ಸತತ ಡಿ, ಅಥವಾ ಒಂದೇ ವರ್ಷ ಇ ಬಂದರೂ ತಿದ್ದುಪಡಿ ಯೋಜನೆ ಕೊಡಬೇಕು. ಲಂಗರಿನಲ್ಲಿ ಕಾಯುವಾಗ ಜನರೇಟರ್ ಸುಡುವ ಎಣ್ಣೆ ಲೆಕ್ಕಕ್ಕೆ ಬರುತ್ತದೆ, ದೂರ ಮಾತ್ರ ಸೊನ್ನೆ. ಬೆಚ್ಚಗಿನ ನೀರಿನಲ್ಲಿ ಹೀಗೆ ನಿಂತಾಗಲೇ ತಳಕ್ಕೆ ಚಿಪ್ಪು ಹಿಡಿಯುವುದು ಹೆಚ್ಚು. ಹಡಗಿನವರ ಕೈಯಲ್ಲಿಲ್ಲದ ಕಾಯುವಿಕೆಗೆ ಎರಡು ಸಲ ದಂಡ. ಈ ಸೂತ್ರ ಬದಲಾಗಬೇಕು.

ರಾತ್ರಿ ಲೆಕ್ಕ ಹಾಕಿದಾಗ ಕಿಲೋವ್ಯಾಟ್-ಗಂಟೆಗೆ ಎಣ್ಣೆಯ ಗ್ರಾಂ, ಕಿಲೋಗೆ 42,700 ಕಿಲೋಜೂಲ್ ಶಾಖಮೌಲ್ಯಕ್ಕೆ ತಿದ್ದಿದ ಮೇಲೆ, ಎಂಜಿನ್‌ನ ಶಾಪ್ ಟ್ರಯಲ್ (ಕಾರ್ಖಾನೆಯಲ್ಲಿನ ಪರೀಕ್ಷೆ) ಅಂಕಿಗೆ ಹತ್ತಿರವೇ ಇತ್ತು. ಅದೇ ಡ್ರಾಫ್ಟ್‌ನ ಹಳೆಯ ವೇಗ-ಪವರ್ ವಕ್ರರೇಖೆಗಿಂತ ಪವರ್ ಮಾತ್ರ ಸ್ಪಷ್ಟವಾಗಿ ಮೇಲಿತ್ತು. ಅಂದರೆ ಎಂಜಿನ್ ಬಿಚ್ಚುವ ಅಗತ್ಯವಿಲ್ಲ. ಮೊದಲು ಪ್ರೊಪೆಲರ್ ಪಾಲಿಶ್, ನಂತರ ತಳದ ಶುಚಿ, ಅದೂ ನೀರೊಳಗಿನ ಶುಚಿಗೆ ಅನುಮತಿ ಕೊಡುವ ಬಂದರಿನಲ್ಲಿ. ಗೇಜ್ ತೆಗೆಯದೆ ಹಾಗೇ ಮುಚ್ಚಿಟ್ಟಾಯಿತು. ಶುಚಿಯ ನಂತರದ ಓಟಕ್ಕೆ ಮುನ್ನ ಟರ್ನಿಂಗ್ ಗೇರ್‌ನಿಂದ ಮತ್ತೆ ಸೊನ್ನೆ ನೋಡಬೇಕು.