ಡಬ್ಬಿಯ ತಳದ ಜಿಡ್ಡು

ಮೇ ತಿಂಗಳ ರವಿವಾರ. ಬೆಳಗಿನ ಎಂಟಕ್ಕೇ ಕಲಬುರಗಿಯ ಬ್ರಹ್ಮಪುರದ ಗೋಡೆಗಳು ಕಾಯತೊಡಗಿದ್ದವು. ಒಂದು ಮನೆಯ ಪಡಸಾಲೆಯಲ್ಲಿ ಹಳೆ ಪೇಪರು ಹಾಸಿ, ಓಣಿಯ ನಾಲ್ಕು ಮನೆಯವರು ತಮ್ಮ ತಮ್ಮ ನಾಯಿ-ಬೆಕ್ಕಿನ ಆಹಾರ ತಂದು ಇಟ್ಟಿದ್ದರು. ಆ ಮನೆಯ ಲ್ಯಾಬ್ರಡಾರ್ ಎರಡು ದಿನದಿಂದ ತಟ್ಟೆ ಮೂಸಿ ಹಿಂದೆ ಸರಿಯುತ್ತಿತ್ತು, ಒಮ್ಮೆ ವಾಂತಿಯನ್ನೂ ಮಾಡಿತ್ತು. ನಾಯಿಯನ್ನು ಸಾಕಿದ ಅಕ್ಕಾರಿಗೆ ಸಂಶಯವೆಲ್ಲ ಕಂಪನಿಯ ಮೇಲೆ. "ಇದರಾಗ ಏನೇನ್ ಹಾಕ್ಲಾಕತ್ತಾರೋ ಯಾರಿಗ್ಗೊತ್ತು ರೀ. ಎಲುಬು, ಕರುಳು ಎಲ್ಲಾ ಬೀಸಿ ಹಾಕ್ತಾರಂತ ಕೇಳೀನಿ" ಎಂದರು.

ಆಹಾರ ನೋಡುವ ಮೊದಲು ನಾಯಿಯನ್ನು ನೋಡಬೇಕು. ತುಟಿ ಎತ್ತಿದರೆ ವಸಡು ಗುಲಾಬಿ ಬಣ್ಣದಲ್ಲಿತ್ತು. ಬೆರಳಿನಿಂದ ಒತ್ತಿ ಬಿಟ್ಟಾಗ ಬಿಳಿಚಿದ ಜಾಗ ಎರಡು ಸೆಕೆಂಡಿನೊಳಗೆ ಮತ್ತೆ ಕೆಂಪಾಯಿತು. ಕಣ್ಣಿನ ಬಿಳಿಭಾಗದಲ್ಲಿ ಹಳದಿ ಇಲ್ಲ, ಮೂತ್ರ ಕಪ್ಪಗಾಗಿಲ್ಲ, ನೀರು ಕುಡಿಯುತ್ತಿದೆ. ವಸಡು ಅಥವಾ ಕಣ್ಣು ಹಳದಿಯಾಗಿದ್ದರೆ ಪೇಪರು ಹಾಸಿ ಕೂರುವ ಪ್ರಶ್ನೆಯೇ ಇರಲಿಲ್ಲ, ನೇರ ಪಶು ಆಸ್ಪತ್ರೆಗೆ ಓಡಬೇಕಿತ್ತು. ಆದರೂ ಸಂಜೆಯೊಳಗೆ ಡಾಕ್ಟರಿಗೆ ತೋರಿಸಿ, ಪಿತ್ತಜನಕಾಂಗದ, ಅಂದರೆ ಲಿವರಿನ ರಕ್ತಪರೀಕ್ಷೆ ಮಾಡಿಸುವುದೆಂದು ಮೊದಲೇ ಗೊತ್ತುಮಾಡಿಕೊಂಡದ್ದಾಯಿತು.

ಆಮೇಲೆ ಚೀಲಗಳು. ಮೊದಲು ಪಕ್ಕಕ್ಕೆ ಹೋದದ್ದು ಪಾಲಿಥಿನ್ ಕವರಿನ ಎರಡು ಕಿಲೋ ಲೂಸ್ ಮಾಲು. ಅಂಗಡಿಯಲ್ಲಿ ದೊಡ್ಡ ಚೀಲ ಬಿಚ್ಚಿ ತೂಗಿ ಕೊಟ್ಟದ್ದು. ಕಿಲೋಗೆ ಒಂದಿಷ್ಟು ರೂಪಾಯಿ ಉಳಿಯುತ್ತದೆ, ನಿಜ. ಆದರೆ ಕವರಿನ ಮೇಲೆ ತಯಾರಾದ ತಿಂಗಳಿಲ್ಲ, ಬ್ಯಾಚ್ ನಂಬರಿಲ್ಲ, ಪದಾರ್ಥಗಳ ಪಟ್ಟಿಯಿಲ್ಲ. ಚೀಲ ಬಿಚ್ಚಿ ಎಷ್ಟು ದಿನವಾಯಿತೆಂದು ಅಂಗಡಿಯವರಿಗೂ ನೆನಪಿರುವುದಿಲ್ಲ. ನಾಳೆ ಪ್ರಾಣಿಗೆ ಏನಾದರೂ ಆದರೆ ಯಾರನ್ನು ಕೇಳುವುದು? ಪದಾರ್ಥದ ಗುಣಮಟ್ಟದ ಬಗ್ಗೆ ಚಿಂತೆ ಇರುವವರು ಎಲ್ಲಕ್ಕೂ ಮೊದಲು ಬಿಡಬೇಕಾದದ್ದು ಈ ಲೂಸ್ ಖರೀದಿಯನ್ನು.

ಉಳಿದ ಚೀಲಗಳನ್ನು ಬೆನ್ನು ಮೇಲೆ ಮಾಡಿ ಇಟ್ಟೆವು. ಮುಂಭಾಗದಲ್ಲಿ ಕೋಳಿಯ ಚಿತ್ರ, ಹಸಿರು ತರಕಾರಿ. ಅದನ್ನು ಓದಿ ತಿಳಿಯುವುದು ಏನೂ ಇಲ್ಲ. ಹಿಂದಿನ ಪಟ್ಟಿಯಲ್ಲಿ ಪದಾರ್ಥಗಳನ್ನು ತೂಕದ ಇಳಿಕೆ ಕ್ರಮದಲ್ಲಿ ಬರೆಯುವುದು ರೂಢಿ. ಆ ತೂಕ ಬೇಯಿಸುವ ಮುಂಚಿನದು. ಇಲ್ಲೇ ಬಹಳ ಜನ ತಪ್ಪು ಓದುತ್ತಾರೆ. ಪಟ್ಟಿಯ ಮೊದಲಲ್ಲಿ 'ತಾಜಾ ಕೋಳಿ' ಇದ್ದರೆ ಸಂತೋಷಪಡುತ್ತಾರೆ, ಆದರೆ ಹಸಿ ಕೋಳಿಯಲ್ಲಿ ಸುಮಾರು 70 ಭಾಗ ನೀರು. 20 ಕಿಲೋ ಹಾಕಿದರೆ ಒಣಗಿದ ಮೇಲೆ ಉಳಿಯುವುದು ಆರು ಕಿಲೋ. ಅದರ ಕೆಳಗಿರುವ 18 ಕಿಲೋ ಮೆಕ್ಕೆಜೋಳ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. 'ಚಿಕನ್ ಮೀಲ್' ಅಂದರೆ ಮೊದಲೇ ನೀರು, ಕೊಬ್ಬು ತೆಗೆದು ಪುಡಿ ಮಾಡಿದ ಮಾಂಸ. ಹೆಸರು ಕೇಳಲು ಚಂದವಿಲ್ಲ, ಆದರೆ ಪಟ್ಟಿಯಲ್ಲಿ ಅದು ಮೇಲಿದ್ದರೆ ನಿಜಕ್ಕೂ ಮಾಂಸದ ಪಾಲು ಹೆಚ್ಚು.

ಒಂದು ಚೀಲದಲ್ಲಿ ಇನ್ನೊಂದು ಚಮತ್ಕಾರ ಕಂಡಿತು. ಮೆಕ್ಕೆಜೋಳ, ಮೆಕ್ಕೆಜೋಳದ ಹಿಟ್ಟು, ಮೆಕ್ಕೆಜೋಳದ ಗ್ಲುಟೆನ್ (ಅದರ ಪ್ರೋಟೀನ್ ಪುಡಿ) ಎಂದು ಒಂದೇ ಕಾಳನ್ನು ಮೂರು ಹೆಸರಿಗೆ ಹಂಚಲಾಗಿತ್ತು. ಹಂಚಿದಾಗ ಪ್ರತಿಯೊಂದೂ ಕೆಳಗೆ ಇಳಿಯುತ್ತದೆ, ಮಾಂಸ ತಾನಾಗಿ ಮೇಲೇರುತ್ತದೆ. ಮೂರನ್ನೂ ಕೂಡಿಸಿ ಓದಬೇಕು.

ಇನ್ನು ಅಕ್ಕಾರ ಕರುಳಿನ ಮಾತು. ಬೈಪ್ರಾಡಕ್ಟ್ ಎಂದರೆ ಹೆಚ್ಚಿನ ಜನ ಕಸ ಎಂದುಕೊಳ್ಳುತ್ತಾರೆ. ಕಲೇಜಿ, ಗುಂಡಿಗೆ, ಬೋಟಿ ಇವೆಲ್ಲ ಅದರಲ್ಲೇ ಬರುತ್ತವೆ. ನಮ್ಮೂರಲ್ಲಿ ಇವನ್ನೇ ಮಸಾಲೆ ಹಾಕಿ ರೊಟ್ಟಿ ಜೊತೆ ಉಣ್ಣುತ್ತೇವೆ. ನಾಯಿಗೆ ಇವು ಕಬ್ಬಿಣಾಂಶ, ಜೀವಸತ್ವಗಳ ಒಳ್ಳೆಯ ಮೂಲ. ಚಿಂತೆ ಮಾಡಬೇಕಾದದ್ದು ಪ್ರಾಣಿಯ ಹೆಸರೇ ಇಲ್ಲದ ಪದಗಳಿಗೆ. ಬರೀ 'ಮೀಟ್ ಅಂಡ್ ಬೋನ್ ಮೀಲ್', ಬರೀ 'ಅನಿಮಲ್ ಫ್ಯಾಟ್' ಎಂದಿದ್ದರೆ ಯಾವ ಪ್ರಾಣಿಯದು ಎಂದು ತಿಳಿಯುವುದಿಲ್ಲ, ಪ್ರತಿ ಬ್ಯಾಚಿಗೂ ಮೂಲ ಬದಲಾಗಬಹುದು. ಎಲುಬಿನ ಪಾಲು ಹೆಚ್ಚಿದರೆ 'ಆಶ್', ಅಂದರೆ ಬೂದಿಯ ಅಂಕಿ ಏರುತ್ತದೆ. ಒಣ ಆಹಾರದಲ್ಲಿ ಅದು ಎಂಟರ ಆಸುಪಾಸಿದ್ದರೆ ಸರಿ, 11-12 ಆದರೆ ಕಂಪನಿಗೆ ಫೋನು ಮಾಡಿ ಕೇಳಬೇಕು.

ಎದುರು ಮನೆಯ ಕಾಕಾರು ಪ್ರೋಟೀನ್ ಅಂಕಿಯ ಮೇಲೆ ಬೆರಳಿಟ್ಟರು. "24 ಅದ ನೋಡ್ರಿ. ಆ ಪೌಚಿನ್ಯಾಗ ಬರೇ 8 ಅದ. ಇದೇ ಚಲೋ ಅಲ್ಲೇನ್ರಿ?" ಎಂದರು. ಹಾಗೆ ನೇರ ಹೋಲಿಸಬಾರದು. ಚೀಲದ ಒಣ ಆಹಾರದಲ್ಲಿ ತೇವ ನೂರಕ್ಕೆ 10, ಪೌಚಿನ ಹಸಿ ಆಹಾರದಲ್ಲಿ 80. ನೀರು ಕಳೆದು ಲೆಕ್ಕ ಹಾಕಿದರೆ ಒಣದು 24 ಭಾಗಿಸು 90, ಅಂದರೆ ನೂರಕ್ಕೆ ಸುಮಾರು 27. ಪೌಚು 8 ಭಾಗಿಸು 20, ಅಂದರೆ 40. ಅಮೆರಿಕದ ಆಫ್ಕೋ (ಪಶು ಆಹಾರ ನಿಯಂತ್ರಣ ಅಧಿಕಾರಿಗಳ ಸಂಘ) ಕೋಷ್ಟಕದಲ್ಲಿ ನೀರು ಕಳೆದ ಲೆಕ್ಕಕ್ಕೆ ಬೆಳೆದ ನಾಯಿಗೆ ಕನಿಷ್ಠ 18, ಮರಿಗೆ 22.5, ಬೆಳೆದ ಬೆಕ್ಕಿಗೆ 26, ಮರಿಗೆ 30. ಪಿಷ್ಟದ ಅಂಕಿಯನ್ನು ಚೀಲದ ಮೇಲೆ ಸಾಮಾನ್ಯವಾಗಿ ಬರೆಯುವುದಿಲ್ಲ. ಪ್ರೋಟೀನ್, ಕೊಬ್ಬು, ನಾರು, ತೇವ, ಬೂದಿ ಕೂಡಿಸಿ ನೂರರಲ್ಲಿ ಕಳೆದರೆ ಉಳಿಯುವುದು ಅದೇ. ಕಾಕಾರ ಚೀಲಕ್ಕೆ 46 ಬಂತು.

ಆದರೆ ಆ 24 ಎಂಬುದೂ ಮಾಂಸವನ್ನು ಅಳೆದ ಅಂಕಿಯಲ್ಲ. ಪ್ರಯೋಗಾಲಯದಲ್ಲಿ ಅಳೆಯುವುದು ಸಾರಜನಕವನ್ನು, ಅದನ್ನು 6.25ರಿಂದ ಗುಣಿಸಿ ಪ್ರೋಟೀನ್ ಎಂದು ಬರೆಯುತ್ತಾರೆ. 2007ರಲ್ಲಿ ಅಮೆರಿಕ, ಕೆನಡಾದಲ್ಲಿ ನಾಯಿ-ಬೆಕ್ಕುಗಳ ಮೂತ್ರಪಿಂಡ ಕೆಟ್ಟದ್ದು ಈ ಸಂದಿನಲ್ಲೇ. ಚೀನಾದಿಂದ ಬಂದ ಗೋಧಿ ಗ್ಲುಟೆನ್‌ಗೆ ಪ್ಲಾಸ್ಟಿಕ್ ತಯಾರಿಕೆಯ ರಾಸಾಯನಿಕ ಮೆಲಮೈನ್ ಬೆರೆಸಿದ್ದರು. ಮೆಲಮೈನಿನ ತೂಕದಲ್ಲಿ ಮೂರರಲ್ಲಿ ಎರಡು ಪಾಲು ಸಾರಜನಕವೇ ಆದ್ದರಿಂದ ಪರೀಕ್ಷೆಯಲ್ಲಿ ಪ್ರೋಟೀನ್ ಹೆಚ್ಚಾಗಿ ಕಂಡಿತು. ಅದರೊಂದಿಗೇ ಇದ್ದ ಸಯನೂರಿಕ್ ಆಮ್ಲದ ಜೊತೆ ಸೇರಿ ಅದು ಮೂತ್ರಪಿಂಡದಲ್ಲಿ ಹರಳುಗಟ್ಟಿತು. ಹೀಗಾಗಿ ಅಂಕಿಯ ಜೊತೆಗೆ ಆ ಪ್ರೋಟೀನ್ ಯಾವುದರಿಂದ ಬಂದದ್ದು ಎಂಬುದನ್ನೂ ಪಟ್ಟಿಯಲ್ಲಿ ನೋಡಬೇಕು.

ಚೀಲದ ಮೇಲೆ ಎಫ್‌ಎಸ್‌ಎಸ್‌ಎಐ (ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ) ಗುರುತು ಹುಡುಕುವುದರಲ್ಲಿ ಅರ್ಥವಿಲ್ಲ. 2006ರ ಆಹಾರ ಸುರಕ್ಷತೆ ಕಾನೂನಿನಲ್ಲಿ 'ಆಹಾರ' ಎಂಬ ಪದದಿಂದ ಪಶು ಆಹಾರವನ್ನು ಹೊರಗಿಟ್ಟಿದ್ದಾರೆ. ನಾಯಿ-ಬೆಕ್ಕಿನ ಆಹಾರಕ್ಕೆ ಭಾರತೀಯ ಮಾನಕ ಬ್ಯೂರೋ, ಅಂದರೆ ಬಿಐಎಸ್‌ನ ಬೇರೆ ಮಾನದಂಡವಿದೆ, ಐಎಸ್ 11968.

ನಮ್ಮ ಸೀಮೆಯವರಿಗೆ ಹೆಚ್ಚು ಬೇಗ ಅರ್ಥವಾಗುವುದು ಅಫ್ಲಾಟಾಕ್ಸಿನ್ ಎಂಬ ಬೂಷ್ಟಿನ ವಿಷದ ಮಾತು. ನೆಹರು ಗಂಜ್ ಮಾರುಕಟ್ಟೆಯಲ್ಲಿ ತೊಗರಿ ಚೀಲಕ್ಕೆ ಕಬ್ಬಿಣದ ಕೊಳವೆ ಚುಚ್ಚಿ, ಅಂಗೈ ಮೇಲೆ ಕಾಳು ಸುರಿದು, ಹಲ್ಲಿನಲ್ಲಿ ಕಡಿದು ಹಸಿ ಎಷ್ಟಿದೆ ಎಂದು ನೋಡುತ್ತಾರೆ. ಹಸಿ ಇದ್ದರೆ ಬೂಷ್ಟು ಬರುತ್ತದೆ ಎಂದು ಅಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ. ಹಾಗೆಯೇ ಮೆಕ್ಕೆಜೋಳ, ಶೇಂಗಾ ಹಿಂಡಿ ಸರಿಯಾಗಿ ಒಣಗದೆ ಗೋದಾಮಿಗೆ ಹೋದರೆ ಆಸ್ಪರ್ಜಿಲಸ್ ಎಂಬ ಬೂಷ್ಟು ಬೆಳೆದು ಈ ವಿಷ ಬಿಡುತ್ತದೆ. ಕಾಳು ಬೀಸಿದ ಮೇಲೆ ಬೂಷ್ಟು ಕಣ್ಣಿಗೆ ಕಾಣದು, ಕಾರ್ಖಾನೆಯ ಕಾವಿಗೂ ವಿಷ ಪೂರ್ತಿ ನಾಶವಾಗದು. ಅದು ಮೊದಲು ಹೊಡೆಯುವುದು ಲಿವರನ್ನು. ಅಮೆರಿಕದಲ್ಲಿ ಸಾಕುಪ್ರಾಣಿಗಳ ಆಹಾರಕ್ಕಿರುವ ಮಿತಿ ಒಂದು ಕಿಲೋಗೆ 20 ಮೈಕ್ರೋಗ್ರಾಂ. ಮನೆಯಲ್ಲಿ ಇದನ್ನು ಪತ್ತೆಹಚ್ಚುವ ದಾರಿಯಿಲ್ಲ. ಚೀಲದ ಮೇಲಿನ ಗ್ರಾಹಕ ನಂಬರಿಗೆ ಫೋನು ಮಾಡಿ, ಬರುವ ಪ್ರತಿ ಲೋಡು ಮೆಕ್ಕೆಜೋಳವನ್ನೂ ಪರೀಕ್ಷೆ ಮಾಡುತ್ತೀರಾ, ಈ ಬ್ಯಾಚಿನ ವರದಿ ಕೊಡುತ್ತೀರಾ ಎಂದು ಕೇಳುವುದೇ ಸರಿ. ಆ ಬೆಳಿಗ್ಗೆ ಎರಡು ನಂಬರಿಗೆ ಹಚ್ಚಿದೆವು. ಒಂದು ಕಡೆಯವರು ಇಮೇಲ್ ವಿಳಾಸ ಕೊಟ್ಟು ಬ್ಯಾಚ್ ನಂಬರು ಬರೆದುಕೊಂಡರು. ಇನ್ನೊಂದು ಕಡೆ ರವಿವಾರ ರಜೆ.

ನೀರಿನಲ್ಲಿ ಆಹಾರದ ಕಾಳು ಹಾಕಿ ತೇಲುತ್ತದೋ ಮುಳುಗುತ್ತದೋ ನೋಡುವ ಪರೀಕ್ಷೆಯನ್ನು ಹುಡುಗರು ಮೊಬೈಲಿನಲ್ಲಿ ನೋಡಿ ಬಂದಿದ್ದರು. ತೇಲುವುದು ಒಳಗೆ ಗಾಳಿ ತುಂಬಿ ಉಬ್ಬಿದ್ದರಿಂದ. ಅದಕ್ಕೂ ಗುಣಮಟ್ಟಕ್ಕೂ ಸಂಬಂಧವಿಲ್ಲ.

ಮನೆಯಲ್ಲಿ ನಡೆಯುವ ಒಳ್ಳೆಯ ಪರೀಕ್ಷೆ ಮೂಗಿನದು. ಹತ್ತು ಕಾಳನ್ನು ಬಟ್ಟಲಿಗೆ ಹಾಕಿ ಬಿಸಿನೀರು ಸುರಿದು ಐದು ನಿಮಿಷ ಮುಚ್ಚಿಟ್ಟು ತೆರೆಯಬೇಕು. ಇನ್ನೊಂದು ಮನೆಯ ಮೂರು ಕಿಲೋ ಚೀಲದ್ದು ಮಾಂಸದ ಸಾರಿನ ವಾಸನೆ ಕೊಟ್ಟಿತು. ಲ್ಯಾಬ್ರಡಾರಿನದಕ್ಕೆ ಕಮಟು ವಾಸನೆ, ಬಹಳ ದಿನ ಇಟ್ಟ ಕರಿದೆಣ್ಣೆಯ ವಾಸನೆ. ಪಟ್ಟಿಯಲ್ಲಿ ಮಾತ್ರ ತಪ್ಪು ಹುಡುಕುವಂಥದ್ದು ಏನೂ ಇರಲಿಲ್ಲ. ಅವಧಿಯೂ ಇನ್ನೂ ಐದು ತಿಂಗಳಿತ್ತು.

"ಚೀಲ ಯಾವಾಗ ಒಡೆದ್ರಿ ಅಕ್ಕಾರ?"

"ಯುಗಾದಿ ಮುಂದ ರೀ. ಒಡೆದಕೂಡ್ಲೆ ಡಬ್ಬಿಗಿ ಸುರೀತೀವಿ, ಇಲಿ ಕಡೀತಾವಂತ."

ಡಬ್ಬಿ ತರಿಸಿದೆವು. 20 ಕಿಲೋ ಹಿಡಿಸುವ ಪ್ಲಾಸ್ಟಿಕ್ ಡಬ್ಬಿ, ಜಾಗ ಮಾಳಿಗೆ ಮೆಟ್ಟಿಲ ಕೆಳಗೆ. ಉಳಿದ ಕಾಳು ಪೇಪರಿಗೆ ಸುರಿದು ತಳಕ್ಕೆ ಬೆರಳು ಎಳೆದರೆ ಹಳದಿ ಜಿಡ್ಡು ಮೇಣದಂತೆ ಉಗುರಿಗೆ ಮೆತ್ತಿಕೊಂಡು ಬಂತು. ಕಾಳನ್ನು ಒಣಗಿಸಿದ ಮೇಲೆ ಹೊರಮೈಗೆ ಕೊಬ್ಬು ಸಿಂಪಡಿಸುತ್ತಾರೆ. ರುಚಿ ಬರುವುದು ಅದರಿಂದಲೇ. ಆ ಕೊಬ್ಬು ಪ್ಲಾಸ್ಟಿಕ್ಕಿಗೆ ಹಿಡಿಯುತ್ತದೆ. ಹಿಂದಿನ ಚೀಲದ ಕಮಟಿದ ಜಿಡ್ಡಿನ ಮೇಲೆ ಹೊಸದನ್ನು ಸುರಿದರೆ ಹೊಸದೂ ಬೇಗ ಕೆಡುತ್ತದೆ. ಮೇಲಾಗಿ ಮೇ ತಿಂಗಳ ಕಲಬುರಗಿ, ಹೊರಗೆ 42-43 ಡಿಗ್ರಿ. ಆಹಾರ ಇಡಬೇಕಾದದ್ದು 27 ಡಿಗ್ರಿಯೊಳಗೆ. ವಿಟಮಿನ್ ಇ, ರೋಸ್‌ಮರಿ ಸಾರದಂಥ ಸಹಜ ಸಂರಕ್ಷಕ ಹಾಕಿದ ಆಹಾರ ಕೃತಕ ಸಂರಕ್ಷಕವಾದ ಬಿಎಚ್‌ಎ ಹಾಕಿದ್ದಕ್ಕಿಂತ ಬೇಗ ಕಮಟುತ್ತದೆ. ಒಳ್ಳೆಯದೆಂದು ಹೆಚ್ಚು ದುಡ್ಡು ಕೊಟ್ಟು ತಂದದ್ದೇ ಮೊದಲು ಹಾಳಾಗುವುದು ಹೀಗೆ.

ಚೀಲದ ಗಾತ್ರದ್ದೂ ತಪ್ಪಿತ್ತು. 28 ಕಿಲೋ ನಾಯಿಗೆ ದಿನಕ್ಕೆ ಎಷ್ಟು ಬೇಕು? ಪಶುವೈದ್ಯರ ಸೂತ್ರದಂತೆ ತೂಕವನ್ನು ಮೂರು ಸಲ ಗುಣಿಸಿ (28×28×28), ಎರಡು ಸಲ ವರ್ಗಮೂಲ ತೆಗೆದರೆ 12.17. ಅದನ್ನು 70ರಿಂದ, ಮತ್ತೆ 1.6ರಿಂದ ಗುಣಿಸಿದರೆ ಸುಮಾರು 1,360 ಕಿಲೋಕ್ಯಾಲರಿ. 100 ಗ್ರಾಂಗೆ 350 ಕೊಡುವ ಆಹಾರವಾದರೆ ದಿನಕ್ಕೆ 390 ಗ್ರಾಂ. 20 ಕಿಲೋ ಚೀಲ 51 ದಿನ ನಡೆಯುತ್ತದೆ. ಒಡೆದ ಚೀಲವನ್ನು ನಾಲ್ಕರಿಂದ ಆರು ವಾರದಲ್ಲಿ ಮುಗಿಸಬೇಕು, ನಮ್ಮ ಬೇಸಿಗೆಯಲ್ಲಿ ನಾಲ್ಕೇ. ಹತ್ತು ಕಿಲೋದ್ದು ತಂದರೆ 25 ದಿನಕ್ಕೆ ಮುಗಿಯುತ್ತದೆ. ದೊಡ್ಡ ಚೀಲದಲ್ಲಿ ಉಳಿಸಿದ ದುಡ್ಡು ಡಾಕ್ಟರ್ ಫೀಜಿಗೆ ಹೋಗುತ್ತದೆ.

ನಾಲ್ಕನೇ ಮನೆಯ ಬೆಕ್ಕಿನದು ಬೇರೆಯೇ ಕಥೆ. ಸೋವಿ ಎಂದು ಅದಕ್ಕೂ ನಾಯಿಯ ಕಾಳನ್ನೇ ಹಾಕುತ್ತಿದ್ದರು. ಬೆಕ್ಕಿನ ದೇಹ ಟಾರಿನ್ ಎಂಬ ಪೋಷಕಾಂಶವನ್ನು ಬೇಕಾದಷ್ಟು ತಯಾರಿಸಿಕೊಳ್ಳಲಾರದು, ನಾಯಿಯ ಆಹಾರಕ್ಕೆ ಅದನ್ನು ಬೆರೆಸಲೇಬೇಕೆಂದಿಲ್ಲ. ತಿಂಗಳುಗಟ್ಟಲೆ ಕೊರತೆಯಾದರೆ ಕಣ್ಣು ಹೋಗುತ್ತದೆ, ಗುಂಡಿಗೆ ಹಿಗ್ಗುತ್ತದೆ. ಅಂದೇ ನಿಲ್ಲಿಸಲು ಹೇಳಿದೆವು.

"ಹಂಗಾದ್ರ ಇದನ್ನೆಲ್ಲಾ ಬಿಟ್ಟು ರೊಟ್ಟಿ-ಹಾಲು ಹಾಕಿದ್ರ ಆತಲ್ರಿ" ಎಂದರು ಕಾಕಾರು. ಜೋಳದ ರೊಟ್ಟಿ, ಬ್ಯಾಳಿ ನಾಯಿಯ ಹೊಟ್ಟೆ ತುಂಬಿಸುತ್ತವೆ, ಆದರೆ ಅದರಲ್ಲಿ ಕ್ಯಾಲ್ಸಿಯಂ ಸಾಲದು, ಒಗ್ಗರಣೆಯ ಉಳ್ಳಾಗಡ್ಡಿ, ಬಳ್ಳೊಳ್ಳಿ ರಕ್ತಕಣ ಒಡೆಯುತ್ತವೆ. ಮನೆಯಡುಗೆಯೇ ಬೇಕೆಂದರೆ ಪಶುವೈದ್ಯರಿಂದ ತೂಕದ ಲೆಕ್ಕದಲ್ಲಿ ಬರೆಸಿಕೊಳ್ಳಬೇಕು.

ಕಮಟಿದ ಕಾಳನ್ನು ಎಸೆಯುವ ಮುಂಚೆ ಕಾಲು ಕಿಲೋ ತೆಗೆದು ಗಾಳಿಯಾಡದ ಕವರಿನಲ್ಲಿ ಫ್ರೀಜರಿಗೆ ಹಾಕಿಸಿದೆವು. ಖಾಲಿ ಚೀಲ, ಬಿಲ್ಲು, ಬ್ಯಾಚ್ ನಂಬರಿನ ಫೋಟೋ ಅದರ ಜೊತೆಗೆ. ರಕ್ತಪರೀಕ್ಷೆಯಲ್ಲಿ ಏನಾದರೂ ಬಂದರೆ ಮಾದರಿ ಪರೀಕ್ಷೆಗೆ ಕೊಡಲು, ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಹೇಳಲು ಇವೇ ಆಧಾರ. ಆ ಸಂಜೆ ವರದಿಯಲ್ಲಿ ಲಿವರಿನ ಅಂಕಿಗಳು ಮಿತಿಯೊಳಗೇ ಬಂದವು. ಡಾಕ್ಟರು ಒಂದೆರಡು ದಿನ ಉಪ್ಪು ಹಾಕದೆ ಬೇಯಿಸಿದ ಕೋಳಿ, ಮೆತ್ತನೆಯ ಅನ್ನ ಕೊಡಲು ಹೇಳಿದರು. ಆಮೇಲೆ ಹೊಸ ಆಹಾರ ಕಾಲು ಪಾಲಿನಿಂದ ಶುರುಮಾಡಿ, ಎರಡೆರಡು ದಿನಕ್ಕೆ ಹೆಚ್ಚಿಸುತ್ತಾ ಏಳು ದಿನದಲ್ಲಿ ಪೂರ್ತಿ.

ಹತ್ತು ಕಿಲೋದ ಹೊಸ ಚೀಲ ಮರುದಿನ ಬಂತು. ಅದನ್ನು ಡಬ್ಬಿಗೆ ಸುರಿಯಲಿಲ್ಲ. ಬಾಯಿ ಮಡಚಿ ಕ್ಲಿಪ್ಪು ಹಾಕಿ, ಚೀಲವನ್ನೇ ಡಬ್ಬಿಯೊಳಗಿಟ್ಟು, ಕೂಲರ್ ಇರುವ ಕೋಣೆ ಬಿಟ್ಟು ತೇವವಿಲ್ಲದ ಒಳಕೋಣೆಯಲ್ಲಿಟ್ಟರು. ಡಬ್ಬಿಯನ್ನಂತೂ ಅಕ್ಕಾರು ಬಿಸಿನೀರು, ಸೋಪಿನಲ್ಲಿ ಮೂರು ಸಲ ತಿಕ್ಕಿ, ಮಾಳಿಗೆ ಮೇಲೆ ದಿನವಿಡೀ ಬೋರಲು ಹಾಕಿದ್ದರು. ಚೀಲದ ಮೇಲೆ ಸ್ಕೆಚ್ ಪೆನ್ನಿನಲ್ಲಿ ಒಡೆದ ತಾರೀಖು, ಅದರ ಕೆಳಗೆ ಮುಗಿಸಬೇಕಾದ ತಾರೀಖು ಬರೆದಿತ್ತು.